ರಾತ್ರಿ ಒಂಬತ್ತೂವರೆಗೆ ಕೈ ಈಗಲೂ ಫೋನಿನತ್ತ ಹೋಗುತ್ತದೆ

ಪ್ರಶ್ನೆ: ನನಗೆ 36 ವರ್ಷ. ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಅಪ್ಪ ತೀರಿಕೊಂಡ ವರ್ಷ ಅಕ್ಕನ ಜೊತೆ ಒಂದು ಸತ್ಸಂಗಕ್ಕೆ ಹೋಗತೊಡಗಿದೆ. ನಲವತ್ತು ಜನರ ಗುಂಪು, ಒಬ್ಬರು ಗುರೂಜಿ. ಎಂಟು ವರ್ಷ ಅಲ್ಲಿದ್ದೆ. ಕೆಲಸ ಬಿಡಿಸಿದರು. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಉಳಿತಾಯದ ಹಣ, ಅಮ್ಮ ಕೊಟ್ಟ ಬಳೆ ಎಲ್ಲವೂ 'ಸಮರ್ಪಣೆ'ಯಾದವು. ಪ್ರತಿ ರಾತ್ರಿ 9.30ಕ್ಕೆ ಅವತ್ತಿನ ತಪ್ಪುಗಳನ್ನೆಲ್ಲ ವಾಯ್ಸ್ ಮೆಸೇಜಿನಲ್ಲಿ ಒಪ್ಪಿಸಬೇಕಿತ್ತು. ಒಂದು ದಿನ ವಯಸ್ಸಾದ ಹೆಂಗಸೊಬ್ಬರನ್ನು ಎಲ್ಲರೆದುರು ನಿಲ್ಲಿಸಿ ಬೈದು ಅಳಿಸಿದರು. ಮಾರನೇ ದಿನದಿಂದ ನಾನು ಹೋಗಲಿಲ್ಲ. ಅದಾಗಿ 14 ತಿಂಗಳು, ಈಗ ಅಮ್ಮನ ಮನೆಯಲ್ಲಿದ್ದೇನೆ. ಈಗಲೂ ಅವರ ದನಿ ತಲೆಯೊಳಗೆ ಕೇಳುತ್ತದೆ. ಅಂಗಡಿಯಲ್ಲಿ ಒಂದು ಸೋಪು ಆರಿಸಲು ಆಗುವುದಿಲ್ಲ. ದೇವರ ಮುಂದೆ ದೀಪ ಹಚ್ಚಿದರೆ ಎದೆ ಹೊಡೆದುಕೊಳ್ಳುತ್ತದೆ. "ಇಷ್ಟು ಓದಿದವಳು ಹೇಗೆ ನಂಬಿದೆ?" ಅಂತ ನೆಂಟರು ಕೇಳುತ್ತಾರೆ. ಅವರು ನಾರ್ಸಿಸಿಸ್ಟಾ? ಕೆಲವು ದಿನ ವಾಪಸ್ ಹೋಗಿಬಿಡೋಣ ಅನ್ನಿಸುವುದು ಯಾಕೆ? ಅಕ್ಕ ಇನ್ನೂ ಅಲ್ಲೇ ಇದ್ದಾಳೆ. ನನ್ನ ಮೆಸೇಜ್ ನೋಡುತ್ತಾಳೆ, ಉತ್ತರ ಕೊಡುವುದಿಲ್ಲ. ಇದನ್ನೆಲ್ಲ ಬರೆದು ಅವರ ಮೇಲೆ ಚಾಡಿ ಹೇಳುತ್ತಿದ್ದೇನೇನೋ ಅನ್ನಿಸುತ್ತಿದೆ, ತಪ್ಪಾಗಿದ್ದರೆ ಕ್ಷಮಿಸಿ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನಿಮಗಾದದ್ದನ್ನು ನೀವು ಹೇಳಿಕೊಂಡರೆ ಅದು ಚಾಡಿಯಲ್ಲ. ಹಾಗನ್ನಿಸುವುದು ನಿಮ್ಮ ಸ್ವಭಾವದಿಂದಲ್ಲ, ಅಭ್ಯಾಸದಿಂದ. ಮೊದಲ ವರ್ಷವನ್ನು ಬಿಟ್ಟು ಲೆಕ್ಕ ಹಾಕಿದರೂ 2,500ಕ್ಕೂ ಹೆಚ್ಚು ರಾತ್ರಿ ನೀವು ನಿಮ್ಮ ತಪ್ಪನ್ನು ನೀವೇ ಹುಡುಕಿ ತೆಗೆದು ಒಬ್ಬರಿಗೆ ಒಪ್ಪಿಸಿದ್ದೀರಿ. ತಪ್ಪೇ ಮಾಡದ ದಿನವೂ ಒಂದನ್ನು ಹುಟ್ಟಿಸಿ ಹೇಳಿರುತ್ತೀರಿ. ಹಾಗೆ ಪಳಗಿದ ಮನಸ್ಸು ನನಗೆ ಪತ್ರ ಬರೆಯುವಾಗಲೂ ಕೊನೆಗೊಂದು ಕ್ಷಮೆ ಸೇರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ರಾಬರ್ಟ್ ಜೇ ಲಿಫ್ಟನ್ ಎಂಬ ಅಮೆರಿಕದ ಮನೋವೈದ್ಯರು 1950ರ ದಶಕದಲ್ಲಿ ಹಾಂಗ್‌ಕಾಂಗ್‌ನಲ್ಲಿದ್ದುಕೊಂಡು 40 ಜನರನ್ನು ದೀರ್ಘವಾಗಿ ಮಾತಾಡಿಸಿದರು. 25 ಮಂದಿ ಪಾಶ್ಚಾತ್ಯರು, 15 ಮಂದಿ ಚೀನೀಯರು. ಎಲ್ಲರೂ ಚೀನಾದ 'ವಿಚಾರ ಸುಧಾರಣೆ'ಗೆ, ಅಂದರೆ ಒತ್ತಡ ಹಾಕಿ ಜನರ ನಂಬಿಕೆಯನ್ನೇ ಬದಲಿಸುವ ಕಮ್ಯುನಿಸ್ಟ್ ಸರ್ಕಾರದ ಕಾರ್ಯಕ್ರಮಕ್ಕೆ, ಸಿಕ್ಕಿ ಹೊರಬಂದವರು. 1961ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರು ಇಂಥ ವ್ಯವಸ್ಥೆಗಳ ಎಂಟು ಲಕ್ಷಣಗಳನ್ನು ಗುರುತಿಸಿದ್ದಾರೆ. ತಪ್ಪೊಪ್ಪಿಗೆಯನ್ನೇ ಒಂದು ಪೂಜೆಯ ಮಟ್ಟಕ್ಕೆ ಏರಿಸುವುದು ಅವುಗಳಲ್ಲಿ ಒಂದು. ಒಪ್ಪಿಸುವವರಿಗೆ ಅದು ಮನಸ್ಸು ಹಗುರ ಮಾಡಿಕೊಳ್ಳುವ ದಾರಿಯಂತೆ ಕಾಣುತ್ತದೆ. ಕೇಳಿಸಿಕೊಳ್ಳುವವರ ಕೈಗೆ ಎಲ್ಲರ ಗುಟ್ಟೂ ಸೇರುತ್ತದೆ. ನಿಮ್ಮ ಗುರೂಜಿ ಆ ಅಧ್ಯಯನವನ್ನು ಓದಿರಲಿಕ್ಕಿಲ್ಲ. ಓದುವ ಅಗತ್ಯವೂ ಇಲ್ಲ. ಒಬ್ಬರ ಮೇಲೆ ಪೂರ್ತಿ ಹಿಡಿತ ಬೇಕೆನ್ನುವವರು ಎಲ್ಲ ಕಾಲದಲ್ಲೂ ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದ್ದಾರೆ.

ಅವರು ನಾರ್ಸಿಸಿಸ್ಟಾ, ಅಂದರೆ ತಾನೇ ದೊಡ್ಡವನೆಂದುಕೊಂಡು ಬೇರೆಯವರ ನೋವು ಕಾಣದವರಾ ಎಂದು ಕೇಳಿದ್ದೀರಿ. ನಾನು ಹೇಳಲಾರೆ. ಆ ಹೆಸರಿನ ವ್ಯಕ್ತಿತ್ವ ದೋಷಕ್ಕೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಒಂಬತ್ತು ಲಕ್ಷಣಗಳ ಪಟ್ಟಿಯಿದೆ, ಐದಾದರೂ ಇರಬೇಕು. ಆದರೆ ಕಾಣದ ಮನುಷ್ಯನಿಗೆ ಪತ್ರ ಓದಿ ಕಾಯಿಲೆ ಗುರುತಿಸಬಾರದು. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ಹೊರಬಂದವರು ತಿಂಗಳುಗಟ್ಟಲೆ ರಾತ್ರಿಯೆಲ್ಲ ಯೂಟ್ಯೂಬಿನಲ್ಲಿ ನಾರ್ಸಿಸಿಸ್ಟರ ಲಕ್ಷಣಗಳನ್ನು ನೋಡುತ್ತ ಕೂರುವುದನ್ನು ಕಂಡಿದ್ದೇನೆ. ಮೊದಲಿಗೆ ಅದರಿಂದ ನಿಜಕ್ಕೂ ಸಮಾಧಾನವಾಗುತ್ತದೆ, ನನಗಾದದ್ದಕ್ಕೆ ಒಂದು ಹೆಸರಿದೆಯಲ್ಲ ಅಂತ. ಆಮೇಲೆ ಅದೂ ಒಂದು ಬಗೆಯ ಸೇವೆಯಾಗಿಬಿಡುತ್ತದೆ: ಮನಸ್ಸು ಇಡೀ ದಿನ ಅವರ ಮನಸ್ಸನ್ನೇ ಓದುತ್ತಿರುತ್ತದೆ. ಎಂಟು ವರ್ಷ ನೀವು ಮಾಡಿದ್ದೂ ಅದನ್ನೇ ಅಲ್ಲವೇ? ಇವತ್ತು ಅವರ ಮುಖ ಹೇಗಿದೆ, ಯಾಕೆ ಮಾತಾಡಲಿಲ್ಲ, ಆ ನಗುವಿನ ಅರ್ಥವೇನು. ಅವರೇನು ಎಂಬ ಪ್ರಶ್ನೆಗೆ ಉತ್ತರ ಸಿಗದೆಯೂ ನೀವು ವಾಸಿಯಾಗಬಹುದು. ನಿಮಗೆ ಏನೇನು ಮಾಡಲಾಯಿತು ಎಂಬುದು ಮಾತ್ರ ಗೊತ್ತಾಗಬೇಕು, ಅದೂ ಸಾದಾ ಮಾತಿನಲ್ಲಿ.

ಸಾದಾ ಮಾತಿನಲ್ಲಿ ಎಂದದ್ದಕ್ಕೆ ಕಾರಣವಿದೆ. ಲಿಫ್ಟನ್ ಪಟ್ಟಿಯಲ್ಲಿ ಇನ್ನೊಂದು ಲಕ್ಷಣ ಭಾಷೆಗೆ ಸಂಬಂಧಪಟ್ಟದ್ದು. ಗುಂಪು ತನ್ನದೇ ಪದಗಳನ್ನು ಕೊಡುತ್ತದೆ, ಆ ಪದಗಳು ಯೋಚನೆಯನ್ನು ಅಲ್ಲಿಗೇ ನಿಲ್ಲಿಸುತ್ತವೆ. ನಿಮ್ಮ ಪತ್ರದಲ್ಲೂ ಅವು ಉಳಿದಿವೆ. ಬಳೆ 'ಸಮರ್ಪಣೆಯಾದವು' ಎಂದು ಬರೆದಿದ್ದೀರಿ. ಬಳೆ ತಾವಾಗಿ ಸಮರ್ಪಣೆ ಆಗುವುದಿಲ್ಲ. ಯಾರೋ ಕೇಳುತ್ತಾರೆ, ಒಂದು ವಾರವೋ ಒಂದು ತಿಂಗಳೋ ಕೇಳುತ್ತಲೇ ಇರುತ್ತಾರೆ, ನಲವತ್ತು ಜನರ ಕಣ್ಣು ನಿಮ್ಮ ಕೈ ಮೇಲಿರುತ್ತದೆ, ನೀವು ತೆಗೆದುಕೊಡುತ್ತೀರಿ. ಮದುವೆ 'ಮುರಿಯಿತು' ಎಂದಿದ್ದೀರಿ. ಯಾರು ಮುರಿದರು?

ನನ್ನ ಬಳಿ ಬರುವವರಿಗೆ ಒಂದು ಕೆಲಸ ಕೊಡುತ್ತೇನೆ. ಒಂದು ಸಾಮಾನ್ಯ ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟದಲ್ಲಿ ಗುಂಪಿನ ಭಾಷೆಯಲ್ಲಿ ಒಂದು ವಾಕ್ಯ ಬರೆಯಿರಿ. ಬಲಪುಟದಲ್ಲಿ ಅದೇ ಘಟನೆಯನ್ನು ನಿಮ್ಮ ಅಜ್ಜಿಗೆ ಹೇಳುವಂತೆ ಬರೆಯಿರಿ. ಒಬ್ಬರು ಎಡಕ್ಕೆ "ನನ್ನ ಅಹಂ ಕರಗಿಸಲು ಗುರುಗಳು ಪರೀಕ್ಷೆ ಕೊಟ್ಟರು" ಎಂದು ಬರೆದರು. ಬಲಕ್ಕೆ ಬರೆಯಲು ನಾಲ್ಕು ದಿನ ಬೇಕಾಯಿತು. ಕೊನೆಗೆ ಬರೆದದ್ದು ಇಷ್ಟು: "ಹನ್ನೆರಡು ಜನರ ಮುಂದೆ ಒಂದೂವರೆ ಗಂಟೆ ನಿಲ್ಲಿಸಿ ಬೈದರು. ನನಗೆ ಜ್ವರ ಇತ್ತು. ಯಾರೂ ಕೂರು ಅನ್ನಲಿಲ್ಲ." ಆ ಕೊನೆಯ ವಾಕ್ಯ ಓದುವಾಗ ಅವರಿಗೆ ಎಷ್ಟೋ ವರ್ಷಗಳಲ್ಲಿ ಮೊದಲ ಸಲ ತಮ್ಮ ಮೇಲಲ್ಲದೆ ಬೇರೆಯವರ ಮೇಲೆ ಸಿಟ್ಟು ಬಂತು. ದಿನಕ್ಕೊಂದು ವಾಕ್ಯಕ್ಕಿಂತ ಹೆಚ್ಚು ಬರೆಯಬೇಡಿ. ಮೈ ನಡುಗಿದರೆ ಪುಸ್ತಕ ಮುಚ್ಚಿಡಿ. ಇದನ್ನು ಯಾರಿಗೂ ತೋರಿಸಬೇಕಿಲ್ಲ, ನನಗೂ ಬೇಡ. ಯಾರೂ ಓದದ ಒಂದು ಬರಹ ನಿಮ್ಮ ಬಳಿ ಇರುವುದೇ ಒಂದು ಔಷಧ, ಯಾಕೆಂದರೆ ಎಂಟು ವರ್ಷ ನಿಮಗೆಂದು ಒಳಕೋಣೆಯೇ ಇರಲಿಲ್ಲ.

ಇನ್ನು ವಾಪಸ್ ಹೋಗುವ ಆಸೆ. ಇದಕ್ಕೆ ನೀವು ನಾಚಿಕೆಪಟ್ಟುಕೊಂಡಿದ್ದೀರಿ ಅನ್ನುವುದು ಬರೆದ ರೀತಿಯಲ್ಲೇ ಗೊತ್ತಾಗುತ್ತದೆ. ಕೆನಡಾದ ಸಂಶೋಧಕರಾದ ಡೊನಾಲ್ಡ್ ಡಟನ್ ಮತ್ತು ಸೂಸನ್ ಪೇಂಟರ್ 1981ರಲ್ಲಿ ಹೊಡೆತ ತಿನ್ನುವ ಹೆಂಡತಿಯರ ಬಗ್ಗೆ ಬರೆಯುತ್ತ ಇದನ್ನು ವಿವರಿಸಿದರು. ಒಬ್ಬರ ಕೈ ಮೇಲಿದ್ದು, ಅದೇ ಕೈ ಒಮ್ಮೆ ಬಾರಿಸಿ ಒಮ್ಮೆ ಸವರುತ್ತಿದ್ದರೆ ನಂಟು ಸಡಿಲವಾಗುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಸವರುವುದು ಯಾವಾಗ ಎಂದು ಗೊತ್ತಿಲ್ಲದಿರುವುದೇ ಅದರ ಬಲ. ದಿನಾ ಹೊಗಳುವವರ ಹೊಗಳಿಕೆಗೆ ನಾವು ಒಗ್ಗಿಹೋಗುತ್ತೇವೆ. ಮೂರು ವಾರ ಮುಖ ತಿರುಗಿಸಿದ್ದವರು ಒಂದು ದಿನ ಕರೆದು "ನೀನು ಮಾತ್ರ ನನ್ನನ್ನು ಅರ್ಥ ಮಾಡಿಕೊಂಡವಳು" ಎಂದರೆ ಆ ಮಾತನ್ನು ಮೈಯೇ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಈ ಸೆಳೆತವನ್ನು ಪ್ರೀತಿಯ ಪುರಾವೆ ಎಂದಾಗಲೀ, ನೀವು ಹೊರಬಂದದ್ದು ತಪ್ಪೆಂದಾಗಲೀ ಓದಬೇಡಿ.

ಆದರೆ ಎಲ್ಲವನ್ನೂ ಆ ಸೆಳೆತದ ಲೆಕ್ಕಕ್ಕೆ ಬರೆದರೂ ಅನ್ಯಾಯವಾಗುತ್ತದೆ. ನಲವತ್ತು ಜನ ಒಟ್ಟಿಗೆ ಭಜನೆ ಹಾಡಿದ್ದು, ಸಾಲಾಗಿ ಕೂತು ಊಟ ಮಾಡಿದ್ದು, ಹುಷಾರಿಲ್ಲದಾಗ ಯಾರೋ ಗಂಜಿ ತಂದುಕೊಟ್ಟದ್ದು ಸುಳ್ಳಲ್ಲ. ಆ ಜನರಲ್ಲಿ ಹೆಚ್ಚಿನವರು ನಿಮ್ಮಂತೆಯೇ ಒಳ್ಳೆಯದನ್ನು ಹುಡುಕಿ ಬಂದವರು. ಅವರನ್ನು ಕಳೆದುಕೊಂಡ ದುಃಖ ನಿಜವಾದ ದುಃಖ. ಅದಕ್ಕೆ ಸೂತಕವಿಲ್ಲ, ಹನ್ನೊಂದನೇ ದಿನವಿಲ್ಲ, ಮನೆಗೆ ಬಂದು ಕೂರುವವರೂ ಇಲ್ಲ. "ಸದ್ಯ ಬಿಟ್ಟುಬಂದೆಯಲ್ಲ" ಎಂದು ಎಲ್ಲರೂ ಸಂತೋಷಪಡುವಾಗ ನೀವೊಬ್ಬರೇ ಅಳಬೇಕು.

ಇಲ್ಲಿ ನನಗೆ ಕಂಡ ಇನ್ನೊಂದು ಮಾತು ಹೇಳುತ್ತೇನೆ, ತಪ್ಪಿದ್ದರೆ ಬಿಟ್ಟುಬಿಡಿ. ನೀವು ಅಲ್ಲಿಗೆ ಹೋದದ್ದು ಅಪ್ಪ ತೀರಿಕೊಂಡ ವರ್ಷ. ಅಂಥ ಗುಂಪುಗಳಲ್ಲಿ ದುಃಖಕ್ಕೂ ಒಂದು ಹೆಸರಿಟ್ಟು ಬಾಯಿ ಮುಚ್ಚಿಸುತ್ತಾರೆ: ಮೋಹ, ಪ್ರಾರಬ್ಧ, ಇನ್ನೂ ಪಕ್ವವಾಗದಿರುವುದು. ಅಪ್ಪನಿಗಾಗಿ ಅಳುವುದು ಬಾಕಿ ಉಳಿದಿರಬಹುದು. ಈಗ ಬರುವ ಅಳುವಿನಲ್ಲಿ ಎಷ್ಟು ಭಾಗ ಗುಂಪಿನದು, ಎಷ್ಟು ಅಪ್ಪನದು ಎಂದು ಒಮ್ಮೆ ನೋಡಿ. ಅಮ್ಮನ ಜೊತೆ ಕೂತು ಅಪ್ಪನ ವಿಷಯ ಮಾತಾಡಿ. ಏನೂ ತೋಚದಿದ್ದರೆ ಅವರಿಗೆ ಇಷ್ಟವಾದ ಅಡುಗೆ ಯಾವುದಿತ್ತು ಎಂಬಲ್ಲಿಂದ ಶುರು ಮಾಡಬಹುದು.

"ಇಷ್ಟು ಓದಿದವಳು" ಎನ್ನುವವರಿಗೆ ಉತ್ತರ ಕೊಡುವ ಹೊಣೆ ನಿಮ್ಮ ಮೇಲಿಲ್ಲ. ಆದರೂ ನಿಮ್ಮ ಸಮಾಧಾನಕ್ಕೆ: 1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲಿನಲ್ಲಿ ಓಂ ಶಿನ್ರಿಕ್ಯೋ ಪಂಥದ ಐವರು ಸಾರಿನ್ ವಿಷಾನಿಲ ಬಿಟ್ಟರು. ಅವರಲ್ಲೊಬ್ಬ ಹೃದಯ ಶಸ್ತ್ರಚಿಕಿತ್ಸಕ, ಮತ್ತೊಬ್ಬ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ನಿಮ್ಮ ಸತ್ಸಂಗವನ್ನು ಅದಕ್ಕೆ ಹೋಲಿಸುತ್ತಿಲ್ಲ. ಓದು ಇದಕ್ಕೆ ಲಸಿಕೆಯಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಇಂಥ ಕಡೆ ಮೊದಲ ದಿನವೇ ಯಾರೂ ಬಳೆ ಕೇಳುವುದಿಲ್ಲ. ಮೊದಲು ಕಾಫಿ ಕೊಡುತ್ತಾರೆ, ನೀವು ಹೇಳುವುದನ್ನು ಪೂರ್ತಿ ಕೇಳುತ್ತಾರೆ, ಮುಂದಿನ ವಾರ ನಿಮ್ಮ ಹೆಸರು ನೆನಪಿಟ್ಟುಕೊಂಡಿರುತ್ತಾರೆ. ಅಪ್ಪನನ್ನು ಕಳೆದುಕೊಂಡ ಮಗಳಿಗೆ ಆ ವರ್ಷ ಬೇಕಾಗಿದ್ದೂ ಅದೇ. ನೀವು ನಂಬಿದ್ದು ದಡ್ಡತನದಿಂದಲ್ಲ, ನಂಬುವಂಥದ್ದನ್ನೇ ತೋರಿಸಿದ್ದರಿಂದ.

ಈಗ ದಿನನಿತ್ಯದ ಕಷ್ಟಕ್ಕೆ ಬರುತ್ತೇನೆ. ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಮಾರ್ಗರೇಟ್ ಸಿಂಗರ್ ಪಂಥಗಳಿಂದ ಹೊರಬಂದವರ ಗುಂಪುಗಳೊಡನೆ ಕೆಲಸ ಮಾಡಿ 1979ರಲ್ಲಿ ಒಂದು ಲೇಖನ ಬರೆದರು. ಅವರು ಕಂಡದ್ದು ಒಂಟಿತನ, ಸಣ್ಣ ತೀರ್ಮಾನಕ್ಕೂ ಕೈ ನಡುಗುವುದು, ಇದ್ದಕ್ಕಿದ್ದಂತೆ ಹಳೆಯ ಮಂಪರಿಗೆ ಜಾರುವುದು, ಗಾಜಿನ ತೊಟ್ಟಿಯ ಮೀನಿನಂತೆ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಎನ್ನಿಸುವುದು. ನಿಮ್ಮ ಪತ್ರದಲ್ಲಿರುವುದೂ ಇವೇ. ಬದುಕು ಮತ್ತೆ ಒಂದು ಹದಕ್ಕೆ ಬರಲು ಹೆಚ್ಚಿನವರಿಗೆ 6ರಿಂದ 18 ತಿಂಗಳು ಹಿಡಿಯಿತೆಂದು ಅವರು ಬರೆದಿದ್ದಾರೆ. ಅದು ಗಡುವಲ್ಲ. 14 ತಿಂಗಳಿಗೆ ನೀವು ಹಿಂದೆ ಬಿದ್ದಿಲ್ಲ ಎಂದು ತಿಳಿಯಲಿ ಅಂತ ಹೇಳಿದೆ.

ಸೋಪಿನ ವಿಷಯ ಚಿಕ್ಕದಲ್ಲ. ಎಂಟು ವರ್ಷ ಏನು ಉಡಬೇಕು, ಎಷ್ಟು ಹೊತ್ತಿಗೆ ಏಳಬೇಕು, ಯಾರ ಫೋನ್ ಎತ್ತಬೇಕು ಎಂದು ಬೇರೆಯವರು ಹೇಳುತ್ತಿದ್ದರೆ ಆರಿಸುವ ಶಕ್ತಿ ಬಳಕೆಯಿಲ್ಲದೆ ಸೊರಗುತ್ತದೆ. ಕೈ ಮುರಿದು ಪ್ಲಾಸ್ಟರ್ ಬಿಚ್ಚಿದ ಮೇಲೆ ತೋಳು ಸಣ್ಣಗಾಗಿರುವುದನ್ನು ನೋಡಿರುತ್ತೀರಿ. ಆ ಕೈಯಲ್ಲಿ ಮೊದಲ ದಿನವೇ ಕೊಡ ಎತ್ತಿಸುವುದಿಲ್ಲ. ದಿನಕ್ಕೆ ಒಂದೇ ಒಂದು ಚಿಕ್ಕ ಆಯ್ಕೆ ಮಾಡಿ, ತಪ್ಪಾದರೂ ನಷ್ಟವಿಲ್ಲದಂಥದ್ದು. ಇವತ್ತು ಚಿತ್ರಾನ್ನವೋ ಉಪ್ಪಿಟ್ಟೋ. ಯಾರನ್ನೂ ಕೇಳಬೇಡಿ. ಆರಿಸಿದ ಮೇಲೆ ಬದಲಿಸಬೇಡಿ. ತಿಂದಾದ ಮೇಲೆ ಇಷ್ಟವಾಯಿತೋ ಇಲ್ಲವೋ ಎಂದು ಮಾತ್ರ ಕೇಳಿಕೊಳ್ಳಿ, ಸರಿಯೋ ತಪ್ಪೋ ಎಂದಲ್ಲ. ಕೆಲಸ, ಮದುವೆ, ಆಸ್ತಿಯಂಥ ದೊಡ್ಡ ತೀರ್ಮಾನಗಳನ್ನು ಸಾಧ್ಯವಾದಷ್ಟು ಮುಂದಕ್ಕೆ ಹಾಕಿ. ಈ ಹೊತ್ತಿನಲ್ಲಿ ಗಟ್ಟಿ ದನಿಯಲ್ಲಿ ಹೀಗೆ ಮಾಡು ಎನ್ನುವ ಯಾರ ಮಾತಿಗಾದರೂ ನೀವು ಬೇಗ ಬಾಗಿಬಿಡಬಹುದು. ನನ್ನ ಮಾತಿಗೂ ಸೇರಿಸಿಯೇ ಈ ಎಚ್ಚರ ಹೇಳುತ್ತಿದ್ದೇನೆ. ಇಲ್ಲಿ ಬರೆದದ್ದರಲ್ಲಿ ನಿಮಗೆ ಒಗ್ಗದ್ದನ್ನು ಬಿಡಿ.

ರಾತ್ರಿ 9.30 ಬೇರೆಯೇ ವಿಷಯ. ಆ ಹೊತ್ತಿಗೆ ಎದೆ ಬಿಗಿಯುವುದನ್ನು ಬಲವಂತದಿಂದ ತಡೆಯಲು ಹೋಗಬೇಡಿ, ಸೋಲುತ್ತೀರಿ. 9.20ಕ್ಕೆ ಫೋನನ್ನು ಇನ್ನೊಂದು ಕೋಣೆಯಲ್ಲಿಡಿ. ಕೈಗೆ ಕೆಲಸ ಕೊಡಿ: ಅವರೆಕಾಯಿ ಸುಲಿಯುವುದು, ಬಟ್ಟೆ ಮಡಚುವುದು, ಮಾರನೇ ದಿನಕ್ಕೆ ಹೂ ಕಟ್ಟುವುದು. ತಲೆಯೊಳಗಿನ ದನಿ "ಇವತ್ತು ಏನು ತಪ್ಪು ಮಾಡಿದೆ?" ಎಂದು ಕೇಳುತ್ತದೆ. ಅದರೊಡನೆ ವಾದಕ್ಕಿಳಿಯಬೇಡಿ, ವಾದದಲ್ಲಿ ಅದು ಪಳಗಿದೆ. "ಇದು ಅವರ ದನಿ, ನನ್ನದಲ್ಲ. ಇವತ್ತು ಇಂಥ ವಾರ, ನಾನು ಅಮ್ಮನ ಮನೆಯಲ್ಲಿದ್ದೇನೆ" ಎಂದು ಗಟ್ಟಿಯಾಗಿ ಹೇಳಿ ಕೆಲಸ ಮುಂದುವರಿಸಿ. ಕೆಲವು ವಾರ ಏನೂ ಬದಲಾಗದಂತೆ ಕಾಣಬಹುದು. ಆಮೇಲೊಂದು ದಿನ ಗಡಿಯಾರ ನೋಡಿದಾಗ ಹತ್ತು ಗಂಟೆ ಆಗಿಹೋಗಿರುತ್ತದೆ.

ದೀಪದ ಬಗ್ಗೆ ಕೇಳಿದ್ದೀರಿ. ಹಿತೈಷಿಗಳು "ಧ್ಯಾನ ಮಾಡು, ಮನಸ್ಸು ಶಾಂತವಾಗುತ್ತದೆ" ಎನ್ನುತ್ತಾರೆ. ನಿಮಗೆ ಸದ್ಯಕ್ಕೆ ಅದು ಬೇಡ. ಕಣ್ಣು ಮುಚ್ಚಿ ಕೂರುವುದು, ಒಂದೇ ಮಂತ್ರವನ್ನು ಮತ್ತೆ ಮತ್ತೆ ಹೇಳುವುದು, ಊದಿನಕಡ್ಡಿಯ ಅದೇ ವಾಸನೆ ಇವೆಲ್ಲ ನಿಮ್ಮ ಮೈಯನ್ನು ಆ ಸತ್ಸಂಗದ ಕೋಣೆಗೆ ಕರೆದೊಯ್ಯುವ ದಾರಿಗಳಾಗಿವೆ. ಕಣ್ಣು ತೆರೆದು ನಡೆಯಿರಿ. ಎದೆ ಹೊಡೆದುಕೊಂಡಾಗ ಪಾದ ನೆಲಕ್ಕೆ ಒತ್ತಿ, ಸ್ಟೀಲ್ ಲೋಟದ ಬಿಸಿ ಕೈಗೆ ತಾಕಲಿ, ಎದುರಿಗಿರುವ ಐದು ವಸ್ತುಗಳ ಹೆಸರು ಹೇಳಿ. ದೇವರನ್ನು ಬಿಡಬೇಕೇ ಎಂಬ ಪ್ರಶ್ನೆ ನಿಮ್ಮದು, ಉತ್ತರವೂ ನಿಮ್ಮದೇ. ಕೆಲವರು ಮರಳಿ ಹೋಗುತ್ತಾರೆ, ಕೆಲವರು ಹೋಗುವುದಿಲ್ಲ. ಹೋಗುವ ಮನಸ್ಸಾದರೆ ಆ ಗುಂಪಿಗಿಂತ ಹಳೆಯದಾದ ಯಾವುದಾದರೂ ನೆನಪಿನ ದಾರಿ ಹಿಡಿಯಿರಿ, ಚಿಕ್ಕವರಿದ್ದಾಗ ಊರ ಜಾತ್ರೆ, ಅಜ್ಜಿಯ ತುಳಸಿಕಟ್ಟೆ, ಹೀಗೆ. ಗುರೂಜಿಗಿಂತ ಮೊದಲೂ ಅದು ನಿಮ್ಮದಾಗಿತ್ತು.

ಒಬ್ಬರೇ ಇದನ್ನೆಲ್ಲ ಹೊರಬೇಡಿ. ದೀರ್ಘಕಾಲ ತಪ್ಪಿಸಿಕೊಳ್ಳಲಾಗದ ಹಿಂಸೆಗೆ ಸಿಕ್ಕವರಲ್ಲಿ ಕಾಣುವ ತೊಂದರೆಗೆ ವಿಶ್ವ ಆರೋಗ್ಯ ಸಂಸ್ಥೆಯ 2022ರಲ್ಲಿ ಜಾರಿಗೆ ಬಂದ ರೋಗಪಟ್ಟಿಯಲ್ಲಿ ಸಂಕೀರ್ಣ ಪಿಟಿಎಸ್‌ಡಿ (ಆಘಾತದ ನಂತರವೂ ಮನಸ್ಸಿನಲ್ಲಿ ಉಳಿಯುವ ತೊಂದರೆ) ಎಂಬ ಹೆಸರಿದೆ, ಚಿಕಿತ್ಸೆಯೂ ಇದೆ. ನಿಮಗೆ ಅದೇ ಇದೆಯೇ ಎಂದು ಎದುರು ಕೂತು ನೋಡಿದವರು ಹೇಳಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಎದ್ದು ಹೋಗಲಾಗದ ದಿನಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಎನ್ನಿಸಿದರೆ ಬೆಳಗಾಗುವವರೆಗೆ ಕಾಯದೆ ಆ ಕ್ಷಣವೇ ಕರೆ ಮಾಡಿ, ಅಮ್ಮನನ್ನು ಎಬ್ಬಿಸಿ. ಖಾಸಗಿಯಾಗಿ ಹೋಗುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನುವವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಎರಡನೇ ಭೇಟಿಯಲ್ಲೇ ಯಾವುದೋ ಒಂದು ಸಲಹೆಗೆ "ಇದು ನನಗೆ ಬೇಡ" ಎಂದು ಹೇಳಿ ನೋಡಿ. ಒಳ್ಳೆಯವರು ಅದನ್ನು ಸ್ವಾಗತಿಸುತ್ತಾರೆ. ಮುಖ ಗಂಟಿಕ್ಕಿದರೆ, ಇದೂ ನಿನ್ನ ಪ್ರತಿರೋಧ ಎಂದರೆ, ಬೇರೆಯವರನ್ನು ಹುಡುಕಿ.

ಹಣದ ಮಾತು ಚಿಕ್ಕದಾಗಿ. ಬ್ಯಾಂಕ್ ಸ್ಟೇಟ್‌ಮೆಂಟ್, ಹಳೆಯ ಮೆಸೇಜ್‌ಗಳನ್ನು ಅಳಿಸದೆ ಒಂದು ಕಡೆ ಇಟ್ಟುಕೊಳ್ಳಿ, ಓದಬೇಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ದೂರು ಕೊಡುವುದೋ ಬಿಡುವುದೋ ನಿಮಗೆ ಶಕ್ತಿ ಬಂದ ಮೇಲಿನ ಮಾತು, ಆದರೆ ದೂರಿಗೂ ದಾವೆಗೂ ಕಾಲಮಿತಿ ಇರುತ್ತದಾದ್ದರಿಂದ ವಕೀಲರನ್ನು ಒಮ್ಮೆ ಕೇಳಿಯಾದರೂ ಇಟ್ಟುಕೊಳ್ಳಿ.

ಇಷ್ಟೆಲ್ಲದರ ನಡುವೆ ನಿಮ್ಮ ಪತ್ರದ ಒಂದು ವಾಕ್ಯವನ್ನು ನೀವು ಅವಸರದಲ್ಲಿ ದಾಟಿಬಿಟ್ಟಿದ್ದೀರಿ. ವಯಸ್ಸಾದ ಹೆಂಗಸೊಬ್ಬರನ್ನು ಅಳಿಸಿದರು, ಮಾರನೇ ದಿನದಿಂದ ನೀವು ಹೋಗಲಿಲ್ಲ. ಆ ಕೋಣೆಯಲ್ಲಿ ಎಲ್ಲರೂ ಅದೇ ದೃಶ್ಯ ನೋಡಿದ್ದರು. 'ಇದು ಸರಿಯಿಲ್ಲ' ಎಂದು ನಿಮಗೆ ಯಾರು ಹೇಳಿಕೊಟ್ಟರು? ಎಂಟು ವರ್ಷ ಅವರು ಆ ಅರಿವಿಗೆ ಅಹಂ ಎಂದು ಹೆಸರಿಟ್ಟು ತುಳಿದರು, ಆದರೂ ಅದು ಸತ್ತಿರಲಿಲ್ಲ. ನನ್ನ ತಲೆಯನ್ನೇ ಇನ್ನು ನಂಬಲಾರೆ ಎನ್ನಿಸಿದಾಗೆಲ್ಲ ಆ ದಿನವನ್ನು ನೆನಪು ಮಾಡಿಕೊಳ್ಳಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನೇ ಬರೆಯಬಹುದು, ಅದಕ್ಕೆ ಎಡಪುಟ ಬೇಕಿಲ್ಲ.

ಅಕ್ಕನ ವಿಷಯ ಕೊನೆಗಿಟ್ಟದ್ದು ಕಡಿಮೆ ಮುಖ್ಯವೆಂದಲ್ಲ. ಅವರನ್ನು ಹೊರತರುವ ಆತುರದಲ್ಲಿ ಗುರೂಜಿಯ ಬಗ್ಗೆ ಒಂದು ಮಾತೂ ಆಡಬೇಡಿ. ಹೊರಗಿನವರು ಹೀಗೆಯೇ ಹೇಳುತ್ತಾರೆ ಎಂದು ಅವರಿಗೆ ಮೊದಲೇ ಹೇಳಿಟ್ಟಿರುತ್ತಾರೆ, ನಿಮ್ಮ ಟೀಕೆ ಆ ಭವಿಷ್ಯವನ್ನು ನಿಜ ಮಾಡುತ್ತದೆ. ಲೇಖನ, ವಿಡಿಯೋ ಕಳಿಸಬೇಡಿ. ಈ ಉತ್ತರವನ್ನೂ ಕಳಿಸಬೇಡಿ. ಉತ್ತರ ಕೊಡದಿದ್ದರೂ ಅವರು ನಿಮ್ಮ ಮೆಸೇಜ್ ನೋಡುತ್ತಾರೆ ಎಂದಿದ್ದೀರಿ. ಎಂದಾದರೂ ಅವರಿಗೂ ಒಂದು ದಿನ ಏನೋ ಸರಿಯಿಲ್ಲ ಅನ್ನಿಸಿದರೆ, ಆ ಹೊತ್ತಿಗೆ ಬೈಯದ, ಲೆಕ್ಕ ಕೇಳದ ಒಂದು ನಂಬರ್ ಅವರ ಫೋನಿನಲ್ಲಿ ಇರಬೇಕು. ತಿಂಗಳಿಗೊಮ್ಮೆ ಏನಾದರೂ ಬರೆಯಿರಿ: ಅಮ್ಮ ಈ ಸಲವೂ ಮಾವಿನಮಿಡಿ ಉಪ್ಪಿನಕಾಯಿ ಹಾಕಿದ್ದಾರೆ, ನಿನ್ನ ಪಾಲು ಭರಣಿಯಲ್ಲಿ ತೆಗೆದಿಟ್ಟಿದ್ದೇವೆ, ಯಾವಾಗ ಬಂದರೂ ಸರಿ.